ಸರ್ ಲೆಸ್ ಬರೀ ಹೊಲಸು ಮಾತಲ್ಲ

ಆಸ್ಟ್ರೇಲಿಯಾದ ಹಾಸ್ಯನಟ ಬ್ಯಾರಿ ಹಂಫ್ರೀಸ್ ವೇದಿಕೆಯಲ್ಲಿ ಆಡುತ್ತಿದ್ದ ಸರ್ ಲೆಸ್ ಪ್ಯಾಟರ್ಸನ್ ಎಂಬ ಕುಡುಕನ ಪಾತ್ರ ಬರೀ ಅಶ್ಲೀಲ ಎಂದು ಒಂದು ಲೇಖನದಲ್ಲಿದೆ. ನಾನು ಒಪ್ಪುವುದಿಲ್ಲ. ಅವನು ಬೀದಿ ಕುಡುಕನಲ್ಲ, ಆಸ್ಟ್ರೇಲಿಯಾದ ಸಾಂಸ್ಕೃತಿಕ ಪ್ರತಿನಿಧಿ! ಕಲೆಯಾದ ಟೈ, ಹಾಳು ಹಲ್ಲು, ಎಂಜಲು ಹಾರಿಸುವ ಬಾಯಿ. ಅಂಥವನಿಗೆ ಆ ಕುರ್ಚಿ ಕೊಟ್ಟವರು ಯಾರು? ಏಟು ಬೀಳುವುದು ಅವರಿಗೆ. ಹೆಂಗಸರ ಬಗ್ಗೆ ಅವನಾಡುವ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಅಧಿಕಾರದಲ್ಲಿದ್ದ ಎಷ್ಟೋ ಗಂಡಸರು ಹಾಗೇ ಮಾತಾಡುತ್ತಿದ್ದರು ಅಲ್ವಾ?

ಇನ್ನೊಂದು ವಿಷಯ. ಹಂಫ್ರೀಸ್ 1970ರ ದಶಕದ ಆರಂಭದಲ್ಲಿ ಕುಡಿತ ಪೂರ್ತಿ ಬಿಟ್ಟಿದ್ದರು. 1974ರಲ್ಲಿ ಈ ಕುಡುಕನನ್ನು ವೇದಿಕೆಗೆ ತಂದರು. ಕುಡಿತ ಮನುಷ್ಯನನ್ನು ಏನು ಮಾಡುತ್ತದೆಂದು ಬಲ್ಲವರ ನಟನೆ ಅದು. ಈ ಪಾತ್ರವನ್ನಿಟ್ಟು ಮಾಡಿದ 1987ರ ಸಿನಿಮಾ ಸೋತಿತು, ನಿಜ. ವೇದಿಕೆಯಲ್ಲಾದರೆ ಆ ಎಂಜಲು ನೇರ ಮುಂದಿನ ಸಾಲಿನವರ ಮೇಲೇ ಬೀಳುತ್ತಿತ್ತು. ಆ ಮುಜುಗರ ಪರದೆಯಲ್ಲಿ ಸಿಗುವುದಿಲ್ಲ.