ವಡೆ ಬೇಡವೆಂದರೆ ಉಗ್ರಾಣಕ್ಕೆ ಹೋಗಿ

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಓಣಿಯೊಂದರ ಸೈಬರ್ ಸೆಂಟರಿನಲ್ಲಿ ಕಳೆದ ವಾರ ಸರದಿಗಾಗಿ ಕಾಯುತ್ತ ಕುಳಿತಿದ್ದೆ. ನನಗಿಂತ ಮುಂದೆ ಗುಬ್ಬಿ ಕಡೆಯ ಯಜಮಾನರೊಬ್ಬರಿದ್ದರು. ಅವರಿಗೆ ಬೇಕಾಗಿದ್ದುದು ಒಂದು ಸರ್ವೆ ನಂಬರಿನ ಪಹಣಿ, ಅಷ್ಟೇ. ಹುಡುಗ ನಂಬರು ಹೊಡೆದು ಪಹಣಿಯನ್ನು ಪರದೆಗೆ ತರುವಷ್ಟರಲ್ಲಿ ಬ್ರೌಸರಿನ ಬಲಬದಿಯಿಂದ ಪಟ್ಟಿಯೊಂದು ಸರಿದು ಬಂದು, ಈ ಪುಟದ ಸಾರಾಂಶ ಬರೆದುಕೊಡಲೇ ಎಂದು ಕೇಳಿತು. ಅದನ್ನು ಮುಚ್ಚಿದರೆ ಮೇಲಿನಿಂದ ಇನ್ನೊಂದು ಇಳಿದು, ಪುಟ ಕನ್ನಡದಲ್ಲಿದೆ, ಇಂಗ್ಲಿಷಿಗೆ ಅನುವಾದಿಸಲೇ ಎಂದಿತು. ಆತುರದಲ್ಲಿ ಹುಡುಗನ ಕೈ ಒಪ್ಪಿಗೆಯ ಗುಂಡಿಯ ಮೇಲೆಯೇ ಬಿದ್ದು, ಎರಡು ಗುಂಟೆ ಫುಟ್ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಇದ್ದದ್ದು ‘ಬ್ಯಾಡ್ ಫುಟ್’ ಎಂದಾಯಿತು. “ಕಾಲು ಕೆಟ್ಟೈತೆ ಅಂತ ತೋರಿಸ್ತೈತೆ, ಯಜಮಾನ್ರೇ” ಎಂದು ಹುಡುಗ ನಕ್ಕ. ಯಜಮಾನರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು.

“ಇವನ್ನೆಲ್ಲ ತೆಗೆದುಹಾಕಕ್ಕೆ ಆಗಲ್ವೇನಪ್ಪಾ?”

“ಆಗುತ್ತೆ, ಎಲ್ಲೈತೆ ಅಂತ ಹುಡುಕ್ಬೇಕು. ಹೋದ ತಿಂಗಳು ತೆಗ್ದಿದ್ದೆ. ಅಪ್‌ಡೇಟ್ ಆದ್ಮೇಲೆ ವಾಪಸ್ ಬಂದೈತೆ.”

ಇಂಥ ಮಾತನ್ನು ಕೇಳಿ ಬ್ರೌಸರ್ ತಯಾರಕರನ್ನು ತಪ್ಪು ತಿಳಿಯುವವರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ತನಗೆ ಏನು ಬೇಡ ಎಂಬುದು ಬಳಕೆದಾರನಿಗೆ ತಿಳಿದಿರುವುದಿಲ್ಲ, ತಿಳಿದಿದ್ದರೂ ಅದನ್ನು ಹೇಳುವ ಯೋಗ್ಯತೆ ಅವನಿಗಿರುವುದಿಲ್ಲ ಎಂಬ ತತ್ತ್ವದ ಮೇಲೆಯೇ ಈ ಉದ್ಯಮ ನಿಂತಿದೆ. 2013ರ ಆಗಸ್ಟ್‌ನಲ್ಲಿ ಫೈರ್‌ಫಾಕ್ಸ್ ಎಂಬ ಬ್ರೌಸರು ತನ್ನ 23ನೇ ಆವೃತ್ತಿಯಲ್ಲಿ, ಜಾಲಪುಟಗಳಿಗೆ ಜೀವ ಕೊಡುವ ಜಾವಾಸ್ಕ್ರಿಪ್ಟ್ ಎಂಬ ಸಂಕೇತಭಾಷೆಯನ್ನು ನಿಲ್ಲಿಸುವ ಚೌಕವನ್ನು ಸೆಟ್ಟಿಂಗ್ಸ್ ಪುಟದಿಂದ ತೆಗೆದುಹಾಕಿತು. ಗೊತ್ತಿಲ್ಲದೆ ಆ ಗುರುತನ್ನು ಅಳಿಸಿದವರು ಅರ್ಧಕ್ಕರ್ಧ ಜಾಲತಾಣಗಳು ಕೆಲಸ ಮಾಡುತ್ತಿಲ್ಲವೆಂದು ಬ್ರೌಸರನ್ನೇ ಬೈಯುತ್ತಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಬಾವಿಯ ಹಗ್ಗ ಬಿಚ್ಚಿಟ್ಟು ನೀರಿಲ್ಲವೆಂದು ದೂರುವವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಹತ್ತು ಸ್ವಿಚ್ಚುಗಳನ್ನು ಕೊಟ್ಟರೆ, ಹಾಕಿದ್ದು ಆರಿಸಿದ್ದು ಎಲ್ಲ ಜೋಡಣೆಗಳೂ ಸೇರಿ 1,024 ಬಗೆಯ ಬ್ರೌಸರುಗಳನ್ನು ಪರೀಕ್ಷಿಸಬೇಕಾಗುತ್ತದೆ ಎಂಬ ಎಂಜಿನಿಯರುಗಳ ಗೋಳೂ ಸುಳ್ಳಲ್ಲ.

ಆದರೆ ಈ ಗೋಳು ಸ್ವಿಚ್ಚು ಕೊಡುವಾಗ ಮಾತ್ರ ಕೇಳಿಸುತ್ತದೆ, ಹೊಸ ಸೌಲಭ್ಯ ತುರುಕುವಾಗ ಕೇಳಿಸುವುದಿಲ್ಲ. ಅದೇ ಫೈರ್‌ಫಾಕ್ಸ್ 2015ರಲ್ಲಿ ಪಾಕೆಟ್ ಎಂಬ, ಆಗಿನ್ನೂ ಬೇರೆ ಕಂಪನಿಯದಾಗಿದ್ದ, ಲೇಖನ ಕೂಡಿಡುವ ಸೇವೆಯನ್ನು ಯಾರೂ ಕೇಳದೆಯೇ ಒಳಗೆ ಸೇರಿಸಿತು. ಅದರ ಗುಂಡಿಯನ್ನು ಕಣ್ಣಿಂದ ಮರೆಮಾಡಬಹುದಿತ್ತು. ಪೂರ್ತಿ ನಿಲ್ಲಿಸಬೇಕೆಂದರೆ ಮಾತ್ರ ವಿಳಾಸಪಟ್ಟಿಯಲ್ಲಿ ‘ಅಬೌಟ್ ಕಾನ್ಫಿಗ್’ ಎಂದು ಬರೆದು ಒಳಗಿನ ಸೆಟ್ಟಿಂಗುಗಳ ಗುಪ್ತ ಪುಟವನ್ನು ತೆರೆದು, ‘ಇದರಿಂದ ನಿಮ್ಮ ವಾರಂಟಿ ರದ್ದಾಗಬಹುದು’ ಎಂಬ ಎಚ್ಚರಿಕೆಯನ್ನು ದಾಟಿ, ಹುಷಾರಾಗಿರುತ್ತೇನೆಂದು ಪ್ರಮಾಣ ಮಾಡುವ ಗುಂಡಿಯನ್ನೊತ್ತಿ, ಸಾವಿರಾರು ಸಾಲುಗಳ ನಡುವೆ ‘ಎಕ್ಸ್‌ಟೆನ್ಶನ್ಸ್ ಡಾಟ್ ಪಾಕೆಟ್ ಡಾಟ್ ಎನೇಬಲ್ಡ್’ ಎಂಬುದನ್ನು ಪತ್ತೆಹಚ್ಚಿ, ಅದು ನಿಜ (ಟ್ರೂ) ಎಂದಿರುವುದನ್ನು ಸುಳ್ಳು (ಫಾಲ್ಸ್) ಮಾಡಬೇಕಿತ್ತು. ಬಿಟ್ಟಿಯಾಗಿ ಸಿಕ್ಕ ತಂತ್ರಾಂಶಕ್ಕೆ ಇಲ್ಲದ ವಾರಂಟಿಯನ್ನು ಕಳೆದುಕೊಳ್ಳುವ ಭಯ ಹುಟ್ಟಿಸುವುದು ಸಾಮಾನ್ಯ ಪ್ರತಿಭೆಯಲ್ಲ. ಇದೇ ಬ್ರೌಸರಿನಲ್ಲಿ ಮೋಸದ ತಾಣಗಳಿಂದ ಕಾಪಾಡುವ ರಕ್ಷಣೆಯನ್ನು ಸೆಟ್ಟಿಂಗ್ಸ್ ಪುಟದ ಒಂದು ಚೌಕದಲ್ಲಿ ನಿಲ್ಲಿಸಬಹುದು. ಕಾವಲುಗಾರನನ್ನು ಕಳುಹಿಸುವುದು ಸುಲಭ, ಕರೆಯದೆ ಬಂದ ನೆಂಟನನ್ನು ಕಳುಹಿಸುವುದು ಕಷ್ಟ. ಕೊನೆಗೆ 2025ರ ಜುಲೈನಲ್ಲಿ ಪಾಕೆಟ್ ಸೇವೆಯನ್ನು, ಈ ಬ್ರೌಸರನ್ನು ತಯಾರಿಸುವ ಮತ್ತು ನಡುವೆ ಪಾಕೆಟ್ ಒಡೆತನವನ್ನೂ ಪಡೆದಿದ್ದ ಮೊಜಿಲ್ಲಾ ಸಂಸ್ಥೆಯೇ ಮುಚ್ಚಿತು. ಬಳಕೆದಾರರು ಹತ್ತು ವರ್ಷ ತಡಕಾಡಿದ ಸ್ವಿಚ್ಚು ಸಂಸ್ಥೆಯ ಕೈಗೆ ಒಂದೇ ಸಲಕ್ಕೆ ಸಿಕ್ಕಿತು.

ಸ್ವಿಚ್ಚನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಬಚ್ಚಿಡುವುದು, ಆಮೇಲೆ ಅಟ್ಟ ಹತ್ತಿದವರ ತಲೆಯೆಣಿಸಿ, ಇದನ್ನು ಬಳಸುವವರೇ ಇಲ್ಲವಲ್ಲ ಎಂದು ಸ್ವಿಚ್ಚನ್ನೇ ಕಿತ್ತೊಗೆಯುವುದು ಈ ಉದ್ಯಮದಲ್ಲಿ ಸಂಶೋಧನೆ ಎನಿಸಿಕೊಳ್ಳುತ್ತದೆ. ಬಳಕೆಯ ಅಂಕಿಅಂಶ ಕಳುಹಿಸುವುದನ್ನೇ ನಿಲ್ಲಿಸಿಕೊಂಡಿರುವ ಎಚ್ಚರದ ಜನ, ಅಂದರೆ ಅಟ್ಟ ಹತ್ತುವಂಥವರೇ, ಈ ಎಣಿಕೆಗೆ ಸಿಗುವುದೂ ಇಲ್ಲ.

ಇಷ್ಟು ಮುಂದುವರಿದ ಪದ್ಧತಿ ನಮ್ಮ ಜಿಲ್ಲೆಗೆ ಇನ್ನೂ ತಲುಪದಿರುವುದು ನಾಚಿಕೆಗೇಡು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಲ್ಲಿ ಇಂದಿಗೂ ವಡೆ ಬೇಡವೆಂದರೆ ವಡೆ ಇಡುವುದಿಲ್ಲ. ಇನ್ನು ಮುಂದೆ ಇಡ್ಲಿಯೊಂದಿಗೆ ವಡೆ ತಾನಾಗಿಯೇ ಬರಲಿ. ಬೇಡವೆನ್ನುವವರಿಗೆ ‘ಈಗ ಬೇಡ’ ಮತ್ತು ‘ಆಮೇಲೆ ನೆನಪಿಸಿ’ ಎಂಬ ಎರಡೇ ಉತ್ತರಗಳಿರಲಿ. ಹಟಮಾರಿಗಳು ಅಡುಗೆಮನೆಯನ್ನು ದಾಟಿ, ಉಗ್ರಾಣದ ಬಾಗಿಲ ಮೇಲಿನ ‘ಮುಂದಾಗುವ ಹಾನಿಗೆ ನೀವೇ ಹೊಣೆ’ ಎಂಬ ಫಲಕಕ್ಕೆ ಕೈಮುಗಿದು, ಮೂರನೆಯ ಕಪಾಟಿನ ಹಿಂದಿನ ಚೀಟಿಯಲ್ಲಿ ‘ವಡೆ: ಸುಳ್ಳು’ ಎಂದು ಬರೆದು ಬರಲಿ. ಮರುದಿನ ಹೋಟೆಲಿಗೆ ಸುಣ್ಣ ಹೊಡೆದಾಗ ಆ ಚೀಟಿ ಅಳಿಸಿಹೋಗಿ ವಡೆ ಮತ್ತೆ ಬರಲಿ, ಈ ಸಲ ‘ಸ್ಮಾರ್ಟ್ ವಡೆ’ ಎಂಬ ಹೆಸರಿನಲ್ಲಿ. ಆಗ ತುಮಕೂರು ನಿಜವಾಗಿಯೂ ಸ್ಮಾರ್ಟ್ ಸಿಟಿಯಾಗುತ್ತದೆ.

ತೆಗೆಯಲು ತಾಂತ್ರಿಕವಾಗಿ ಸಾಧ್ಯವಿಲ್ಲ ಎಂಬ ವಾದವೂ ಉಂಟು. ದೊಡ್ಡ ತಂತ್ರಜ್ಞಾನ ಕಂಪನಿಗಳಿಗೆ ಅಂಕುಶ ಹಾಕುವ ಯುರೋಪ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಕಟ್ಟಳೆಗಳು ಅನ್ವಯವಾದದ್ದೇ ತಡ, 2024ರಲ್ಲಿ ಯುರೋಪಿನ ವಿಂಡೋಸ್ ಬಳಕೆದಾರರು ಅದರೊಂದಿಗೇ ಬರುವ ಎಡ್ಜ್ ಬ್ರೌಸರನ್ನೇ ಬುಡಸಮೇತ ಕಿತ್ತುಹಾಕುವಂತಾಯಿತು. ತಂತ್ರಜ್ಞಾನ ಕೇಳುವುದು ಎಂಜಿನಿಯರನ ಮಾತನ್ನಲ್ಲ, ದಂಡ ಹಾಕುವವನ ಮಾತನ್ನು ಎಂಬುದು ಅಲ್ಲಿ ಸಾಬೀತಾಗಿದೆ. ತುಮಕೂರು ಯುರೋಪಿನಲ್ಲಿಲ್ಲ.

ಬೈಗುಳಕ್ಕೂ ಸ್ವಲ್ಪ ಬೆಲೆಯಿದೆಯೆಂಬುದನ್ನು ಮಾತ್ರ ಒಪ್ಪಬೇಕು. ಕೃತಕ ಬುದ್ಧಿಮತ್ತೆಯನ್ನು ಎಲ್ಲೆಂದರಲ್ಲಿ ಮೆತ್ತಲು ಹೊರಟದ್ದಕ್ಕೆ ಸಾಕಷ್ಟು ಉಗಿಸಿಕೊಂಡ ಮೇಲೆ, ಫೈರ್‌ಫಾಕ್ಸ್ 2026ರ ಫೆಬ್ರುವರಿಯ 148ನೇ ಆವೃತ್ತಿಯಲ್ಲಿ ಅಂಥ ಸೌಲಭ್ಯಗಳನ್ನೆಲ್ಲ ಒಟ್ಟಿಗೆ ನಿಲ್ಲಿಸುವ ಒಂದೇ ಸ್ವಿಚ್ಚನ್ನು ಸೆಟ್ಟಿಂಗ್ಸ್ ಪುಟದಲ್ಲಿಯೇ ಇಟ್ಟಿತು. ಸ್ವಿಚ್ಚು ಇಡಲು ಜಾಗವಿದೆಯೆಂದು ಹೀಗೆ ಗೊತ್ತಾಯಿತು.

ಸೈಬರ್ ಸೆಂಟರಿನ ಹುಡುಗ ಬಳಸುತ್ತಿದ್ದುದು ಬೇರೆ ಬ್ರೌಸರು. ಅವನು ಮೆನುವಿನೊಳಗೆ ಮೆನು ತೆರೆದು ಹುಡುಕಿ ಬೇಸತ್ತು, ಕೊನೆಗೆ ಆ ಬಲಬದಿಯ ಪಟ್ಟಿಯನ್ನೇ, ನಿನ್ನನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದ. ಅದು ಬಹಳ ವಿನಯದಿಂದ ಏಳು ಹಂತಗಳನ್ನು ವಿವರಿಸಿತು. ಮೂರನೆಯ ಹಂತದಲ್ಲಿ ಹೇಳಿದ್ದ ಗುಂಡಿ ಆ ಆವೃತ್ತಿಯಲ್ಲಿ ಇರಲೇ ಇಲ್ಲ. ಉತ್ತರ ಉಪಯುಕ್ತವಾಯಿತೇ ಎಂದು ಅದು ಕೇಳುತ್ತಿರುವಾಗ ಯಜಮಾನರು ಚೀಲ ಹೆಗಲಿಗೇರಿಸಿ ಎದ್ದು ನಿಂತರು.

“ಅದು ಇದ್ರೆ ಇರ್ಲಿ ಬಿಡಪ್ಪಾ. ಪಹಣಿ ಕೊಡು, ಬಸ್ಸು ಹೊರಟೋಗ್ತೈತೆ.”