ಹಿತ್ತಲಲ್ಲಿ ಉದುರುವ ಪೀಚ್, ಮೇಜಿನ ಮೇಲೆ ಅಂಗಡಿಯ ಪೀಚ್

ನಿನ್ನೆ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಪರಿಚಯದ ಕನ್ನಡ ಕುಟುಂಬವೊಂದರ ಮನೆಗೆ ಸತ್ಯನಾರಾಯಣ ಪೂಜೆಯ ಊಟಕ್ಕೆ ಹೋಗಿದ್ದೆ. ಕೈ ತೊಳೆದು ಹಿತ್ತಲಿಗೆ ಬಂದರೆ, ಬೇಲಿಯ ಪಕ್ಕದ ಹಳೆಯ ಪೀಚ್ ಮರದ ಕೆಳಗೆ ಕಾಲಿಡಲು ಜಾಗವಿಲ್ಲದಷ್ಟು ಹಣ್ಣು ಉದುರಿ ಬಿದ್ದಿತ್ತು. ಅರ್ಧದಷ್ಟು ಒಡೆದು ಹುಳಿತು ನಾರುತ್ತಿದ್ದವು, ಕಣಜಗಳು ಮುತ್ತಿಕೊಂಡಿದ್ದವು, ಒಂದು ಕೊಂಬೆಯಂತೂ ಭಾರ ತಾಳಲಾರದೆ ಬುಡದಲ್ಲೇ ಸೀಳಿಕೊಂಡು ನೆಲಕ್ಕೆ ಒರಗಿತ್ತು. ಒಳಗೆ ಬಂದು ನೋಡಿದರೆ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗಡಿಯ ಪೀಚ್ ಇದ್ದವು, ಒಂದೊಂದಕ್ಕೂ ಸ್ಟಿಕರ್ ಅಂಟಿಸಿತ್ತು. "ಹಿತ್ತಲಲ್ಲಿ ಅಷ್ಟು ಹಣ್ಣಿದೆಯಲ್ಲ ಮಾರಾಯ, ಇದನ್ನ ಯಾಕೆ ತಂದೆ?" ಎಂದು ಮನೆಯ ಯಜಮಾನನನ್ನು ಕೇಳಿದೆ. "ಅಯ್ಯೋ ಅಕ್ಕಾ, ಆ ಮರದ ಹಣ್ಣು ಯಾರು ತಿಂತಾರೆ? ಹುಳ ಗಿಳ ಇರುತ್ತೆ. ಮುಂದಿನ ವರ್ಷ ಆ ಮರ ತೆಗೆಸಿ ಕಾಂಕ್ರೀಟ್ ಹಾಕಿಸೋಣ ಅಂತಿದ್ದೀವಿ" ಎಂದ.

ಪ್ರಸಾದ ತಿಂದ ಮನೆಯಲ್ಲಿ ವಾದ ಮಾಡಬಾರದೆಂದು ಸುಮ್ಮನೆ ಎದ್ದು ಬಂದೆ. ಆದರೆ ಆಗಿನಿಂದ ನನ್ನ ಮನಸ್ಸು ಸರಿಯಿಲ್ಲ. ಇದನ್ನು ಅವನು ಓದಿದರೂ ನೊಂದುಕೊಳ್ಳಬಾರದು, ಏಕೆಂದರೆ ಇದು ಅವನೊಬ್ಬನ ಮನೆಯ ಕಥೆಯಲ್ಲ. ಕ್ಯುಪರ್ಟಿನೊ, ಸನಿವೇಲ್, ಸ್ಯಾನ್ ಹೋಸೆಗಳ ಯಾವ ಬೀದಿಯಲ್ಲಿ ನಡೆದರೂ ಇದೇ ಕಾಣುತ್ತದೆ. ಮೇ ತಿಂಗಳಲ್ಲಿ ಲೋಕ್ವಾಟ್ ಎಂಬ ಹಳದಿ ಹಣ್ಣು ಕಾಲುದಾರಿಯ ಮೇಲೆ ಬಿದ್ದು ಅಂಟಾಗುತ್ತದೆ, ಆಗಸ್ಟ್‌ನಲ್ಲಿ ಅಂಜೂರ ಕೊಳೆಯುತ್ತದೆ, ನವೆಂಬರ್‌ನಲ್ಲಿ ಎಲೆಯುದುರಿದ ಮರದ ತುಂಬ ಪರ್ಸಿಮನ್ ಹಣ್ಣುಗಳು ಯಾರಿಗೂ ಬೇಡವಾಗಿ ತೂಗುತ್ತವೆ. ಆ ಮನೆಗಳವರೇ ಕಾರು ತೆಗೆದುಕೊಂಡು ಹೋಗಿ ಅಂಗಡಿಯಿಂದ ಅದೇ ಹಣ್ಣನ್ನು ದುಡ್ಡು ಕೊಟ್ಟು ತರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಬೇಸರದಿಂದ ಹೇಳಿದ್ದನ್ನು ನಾವು ಬದುಕುವ ಕ್ರಮವನ್ನಾಗಿ ಮಾಡಿಕೊಂಡಿದ್ದೇವೆ.

ನಾವು ಮನೆ ಕೊಂಡಿರುವುದು ಎಂಥ ನೆಲದಲ್ಲಿ ಎಂಬುದಾದರೂ ನಮಗೆ ಗೊತ್ತಿರಬೇಕು. ಸಿಲಿಕಾನ್ ವ್ಯಾಲಿ ಎಂಬ ಹೆಸರು ಅಂಟಿಕೊಳ್ಳುವ ಮೊದಲು ಈ ಸಾಂಟಾ ಕ್ಲಾರಾ ಕಣಿವೆಯನ್ನು ‘ವ್ಯಾಲಿ ಆಫ್ ಹಾರ್ಟ್ಸ್ ಡಿಲೈಟ್’, ಅಂದರೆ ಮನಸ್ಸಿಗೆ ಆನಂದ ಕೊಡುವ ಕಣಿವೆ, ಎಂದು ಕರೆಯುತ್ತಿದ್ದರು. ಪೆಲಿಯರ್ ಸಹೋದರರು 1856ರಲ್ಲಿ ಫ್ರಾನ್ಸಿನಿಂದ ಪ್ರೂನ್ (ಒಣಗಿಸಿ ತಿನ್ನುವ ಪ್ಲಮ್) ಕಡ್ಡಿಗಳನ್ನು ತರಿಸಿ ಸ್ಯಾನ್ ಹೋಸೆಯಲ್ಲಿ ಕಸಿ ಮಾಡಿದ ಮೇಲೆ ಕಣಿವೆಯ ತುಂಬ ಪ್ರೂನ್, ಏಪ್ರಿಕಾಟ್, ಚೆರ್ರಿ, ಪೀಚ್ ತೋಟಗಳು ಹಬ್ಬಿದವು. ವಸಂತದಲ್ಲಿ ಹೂ ನೋಡಲೆಂದೇ ಜನ ರೈಲಿನಲ್ಲಿ ಬರುತ್ತಿದ್ದರು. ಸನಿವೇಲ್‌ನಲ್ಲಿ ಹಣ್ಣಿನ ಡಬ್ಬಿಯ ಚಿತ್ರ ಬಳಿದ ಒಂದು ಹಳೆಯ ನೀರಿನ ಟ್ಯಾಂಕ್ ಇದೆಯಲ್ಲ, ಅದು ಲಿಬ್ಬೀಸ್ ಕಂಪನಿಯ ಹಣ್ಣು ಸಂಸ್ಕರಣೆಯ ಕಾರ್ಖಾನೆಯಿಂದ ಉಳಿದಿರುವ ಗುರುತು. ದಿನವೂ ಅದರ ಪಕ್ಕದಲ್ಲಿ ಆಫೀಸಿಗೆ ಹೋಗುವ ನಮ್ಮವರಲ್ಲಿ ಎಷ್ಟು ಜನ ತಲೆಯೆತ್ತಿ ನೋಡಿದ್ದಾರೆ? ಊರಿನ ಕಮ್ಯುನಿಟಿ ಸೆಂಟರ್ ಹತ್ತಿರ 10 ಎಕರೆ ಏಪ್ರಿಕಾಟ್ ತೋಟವನ್ನು ನಗರಸಭೆ ಇಂದಿಗೂ ಉಳಿಸಿಕೊಂಡಿದೆ. ಹಿತ್ತಲುಗಳಲ್ಲಿ ಉಳಿದಿರುವ ಮುದಿ ಮರಗಳು ಬಿಟ್ಟರೆ ಆ ಕಾಲದ ನೆನಪಿಗೆ ಹೆಚ್ಚೇನೂ ಇಲ್ಲ, ಅವನ್ನೂ ನಾವು ಕಡಿದು ಸಿಮೆಂಟ್ ಸುರಿಯುತ್ತಿದ್ದೇವೆ.

ಇನ್ನು ಆ ಅಂಗಡಿಯ ಹಣ್ಣಿನ ವಿಷಯ. ಪೀಚ್ ಎಂದರೆ ಸಪ್ಪೆ, ಅದರಲ್ಲೇನಿದೆ ಎಂದು ನಮ್ಮವರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅವರು ತಿಂದಿರುವ ಹಣ್ಣು ನಿಜವಾಗಿಯೂ ಸಪ್ಪೆಯೇ. ಕಾರಣವೇನೆಂದರೆ, ನಾವು ಪೀಚನ್ನು ಮಾವಿನಂತೆ ನಡೆಸಿಕೊಳ್ಳುತ್ತೇವೆ. ಮಾವಿನಕಾಯಿ ತನ್ನೊಳಗೆ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಬಲಿತ ಕಾಯಿಯನ್ನು ಕೊಯ್ದು ಹುಲ್ಲಿನಲ್ಲಿ ಅಡೆ ಹಾಕಿದರೆ ಆ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಅದಕ್ಕೇ ನಮ್ಮ ಸಾಗರದ ಮನೆಯ ಅಟ್ಟದಲ್ಲಿ ಒಂದೊಂದೇ ಹಣ್ಣಾಗುತ್ತ ಇಡೀ ಮನೆ ಘಮಘಮ ಎನ್ನುತ್ತಿತ್ತು. ಪೀಚ್ ಹಾಗಲ್ಲ. ಅದರಲ್ಲಿ ಕೂಡಿಟ್ಟ ಪಿಷ್ಟವೇ ಇಲ್ಲ. ಮರದಿಂದ ಕಿತ್ತ ಕ್ಷಣದಲ್ಲಿ ಎಷ್ಟು ಸಕ್ಕರೆಯಿತ್ತೋ ಅಷ್ಟೇ, ಆಮೇಲೆ ಅಕ್ಕಿ ಡಬ್ಬದಲ್ಲಿ ಹುಗಿದರೂ ಕಾಗದದ ಚೀಲದಲ್ಲಿ ಕಟ್ಟಿಟ್ಟರೂ ಹಣ್ಣು ಮೆತ್ತಗಾಗುತ್ತದೆ, ಹುಳಿ ಇಳಿಯುತ್ತದೆ, ಒಂದಿಷ್ಟು ಪರಿಮಳ ಬರುತ್ತದೆ, ಆದರೆ ಸಿಹಿ ಹೆಚ್ಚುವುದಿಲ್ಲ. ಮರದ ಮೇಲಿನ ಕೊನೆಯ ದಿನಗಳಲ್ಲೇ ಹಣ್ಣಿನ ಗಾತ್ರವೂ ಸಿಹಿಯೂ ಏರುವುದು, ದೂರದ ಊರಿಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣಿಗೆ ಆ ಕೊನೆಯ ದಿನಗಳೇ ಸಿಗುವುದಿಲ್ಲ.

ಸಾಲದ್ದಕ್ಕೆ ಫ್ರಿಜ್ಜು. ಸುಮಾರು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವಿನ ತಣ್ಪು ಪೂರ್ತಿ ಮಾಗದ ಪೀಚ್‌ಗೆ ವಿಷವಿದ್ದಂತೆ, ನಮ್ಮ ಮನೆಯ ಫ್ರಿಜ್ಜು ಇರುವುದೂ ಅದೇ ಮಟ್ಟದಲ್ಲಿ. ಹೊರಗೆ ಚಿನ್ನದಂತೆ ಕಾಣುವ ಹಣ್ಣು ಒಳಗೆ ರಸವಿಲ್ಲದೆ ಹಿಟ್ಟುಹಿಟ್ಟಾಗಿ, ಗೊರಟಿನ ಸುತ್ತ ಕಂದುಬಣ್ಣಕ್ಕೆ ತಿರುಗಿರುವುದು ಈ ಕಾರಣಕ್ಕೆ. ಡಿಸೆಂಬರ್‌ನಲ್ಲಿ ಚಿಲಿ ದೇಶದಿಂದ ಹಡಗಿನಲ್ಲಿ ವಾರಗಟ್ಟಲೆ ತಣ್ಣಗೆ ಕುಳಿತು ಬರುವ ಪೀಚನ್ನು ಕೊಂಡು ತಿಂದು, ಈ ಹಣ್ಣೇ ಹೀಗೆ ಎಂದು ತೀರ್ಪು ಕೊಡುವುದು ಎಂಥ ಅನ್ಯಾಯ! ಬೆಂಗಳೂರಿನ ಗೆಳೆಯರಿಗೂ ಇದೇ ಮಾತು ಅನ್ವಯಿಸುತ್ತದೆ. ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಣ್ಪು ನೂರಾರು ಗಂಟೆ ಸಿಗದಿದ್ದರೆ ಬಹುಪಾಲು ಪೀಚ್ ತಳಿಗಳು ಸರಿಯಾಗಿ ಹೂಬಿಡುವುದೇ ಇಲ್ಲ, ಆದ್ದರಿಂದ ನಿಮಗೆ ಅದು ಹಿಮಾಚಲದಂಥ ದೂರದ ಬೆಟ್ಟಗಳಿಂದಲೇ ಬರಬೇಕು, ಗಟ್ಟಿಯಾಗಿಯೇ ಬರಬೇಕು. ನೀವು ಅದನ್ನು ಬಿಟ್ಟು ಮೇ ತಿಂಗಳಲ್ಲಿ ಮಾವು, ಹಲಸು, ಆಮೇಲೆ ನೇರಳೆ ತಿನ್ನಿ ಎಂದೇ ನಾನು ಹೇಳುತ್ತೇನೆ. ಆದರೆ ಮರವನ್ನು ಹಿತ್ತಲಲ್ಲೇ ಇಟ್ಟುಕೊಂಡವರಿಗೆ ಯಾವ ನೆಪವೂ ಇಲ್ಲ.

ಮಾಗಿದ್ದು ಹೇಗೆ ತಿಳಿಯುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ. ಕೆಂಪನ್ನು ನಂಬಬೇಡಿ. ಇಂದಿನ ಎಷ್ಟೋ ತಳಿಗಳು ಬೇಗ ಕೆಂಪಾಗುವಂತೆಯೇ ಬೆಳೆಸಿದವು, ಕೆಂಪು ಬಿಸಿಲಿನ ಗುರುತೇ ಹೊರತು ಸಿಹಿಯ ಗುರುತಲ್ಲ. ತೊಟ್ಟಿನ ಹತ್ತಿರ, ಕೆಂಪು ತಾಗದ ಜಾಗವನ್ನು ನೋಡಬೇಕು. ಅಲ್ಲಿ ಹಸಿರಿನ ಛಾಯೆ ಪೂರ್ತಿ ಹೋಗಿ ಹಳದಿ ಬಂದಿರಬೇಕು, ಬಿಳಿ ತಿರುಳಿನ ಜಾತಿಯಾದರೆ ಕೆನೆಬಣ್ಣ. ಬೆರಳ ತುದಿಯಿಂದ ಒತ್ತಿದರೆ ಕಲೆಯಾಗುತ್ತದೆ, ಅಂಗೈಯಲ್ಲಿ ಇಡಿಯಾಗಿ ಹಿಡಿದು ಸ್ವಲ್ಪ ಎತ್ತಿ ತಿರುಗಿಸಬೇಕು. ಮಾಗಿದ್ದರೆ ತಾನಾಗಿ ಕೈಗೆ ಬರುತ್ತದೆ, ಎಳೆಯಬೇಕಾಗಿ ಬಂದರೆ ಇನ್ನೂ ಎರಡು ದಿನ ಬಿಡಬೇಕು. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೊಯ್ಯುವುದು ಒಳ್ಳೆಯದು, ಉದ್ದತೋಳಿನ ಅಂಗಿ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ಸಿಪ್ಪೆಯ ಮೇಲಿನ ಆ ಸಣ್ಣ ರೋಮ ಬೆವರಿಗೆ ಅಂಟಿದರೆ ಮಣಿಕಟ್ಟಿನಿಂದ ಕುತ್ತಿಗೆಯವರೆಗೆ ತುರಿಕೆ ಬಿಡುವುದಿಲ್ಲ. ಇಲ್ಲಿಗೆ ಬಂದಾಗ ನಮ್ಮಮ್ಮ ಒದ್ದೆ ಪಂಚೆಯ ತುಂಡಿನಿಂದ ಒಂದೊಂದೇ ಹಣ್ಣನ್ನು ಉಜ್ಜಿ, ರೋಮ ಪೂರ್ತಿ ಹೋದ ಮೇಲೆ ಸಾಲಾಗಿ ಮಡಲಿನಂಥ ಅಗಲ ಬುಟ್ಟಿಯಲ್ಲಿ, ಒಂದರ ಮೇಲೊಂದು ಬೀಳದಂತೆ, ತೊಟ್ಟು ಕೆಳಗಾಗಿಸಿ ಇಡುತ್ತಿದ್ದರು.

ಅಮ್ಮನೇ ಕಲಿಸಿದ ರಸಾಯನವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಪೂರ್ತಿ ಮಾಗಿದ ಹಣ್ಣುಗಳನ್ನು ಅರ್ಧ ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆದು ತಣ್ಣೀರಿಗೆ ಬಿಟ್ಟರೆ ಸಿಪ್ಪೆ ಜಾರಿ ಬರುತ್ತದೆ. ತಿರುಳನ್ನು ಕೈಯಲ್ಲೇ ಕಿವುಚಿ, ಪುಡಿಬೆಲ್ಲ ಮತ್ತು ಗಟ್ಟಿ ಕಾಯಿಹಾಲು ಸೇರಿಸಿ, ಚಿಟಿಕೆ ಉಪ್ಪು ಮತ್ತು ಏಲಕ್ಕಿ ಹಾಕಿ, ಬಿಸಿ ದೋಸೆಯ ಜೊತೆ ತಿನ್ನಬೇಕು. ಮಾವಿನ ರಸಾಯನವನ್ನೇ ತಿಂದು ಬೆಳೆದ ನಮ್ಮಂಥ ಮಲೆನಾಡಿನವರಿಗೂ ಇದು ಕಡಿಮೆಯೆನಿಸುವುದಿಲ್ಲ. ಪೀಚ್ ಎಳೆಗಾಯಿಯಿಂದ ಮಿಡಿ ಉಪ್ಪಿನಕಾಯಿ ಹಾಕಬಹುದೇ ಎಂದು ಒಬ್ಬರು ಕೇಳಿದ್ದರು, ನಾನು ಬೇಡವೆಂದೆ. ಪೀಚಿನ ಬೀಜದಲ್ಲಿ ಅಮಿಗ್ಡಲಿನ್ ಇರುತ್ತದೆ, ಅದು ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ, ಹಾಗಾಗಿ ಗೊರಟನ್ನು ಒಡೆದು ಒಳಗಿನ ಬೀಜವನ್ನು ಮಕ್ಕಳಿಗೆ ಕೊಡಲೂಬಾರದು.

ನನ್ನ ಮಾತಿಗೆ ಬರುವ ಉತ್ತರಗಳೂ ನನಗೆ ಗೊತ್ತು. ಸಮಯವಿಲ್ಲ, ನೀರಿನ ಬಿಲ್ಲು ಹೆಚ್ಚು, ಅಳಿಲು ಮತ್ತು ರಕೂನ್ ಏನನ್ನೂ ಬಿಡುವುದಿಲ್ಲ, ಹಣ್ಣಿನಲ್ಲಿ ಹುಳ. ಅಳಿಲಿನ ಕಾಟ ನಿಜ, ನಮ್ಮ ಮರದಲ್ಲೂ ಅವು ಪಾಲು ತೆಗೆದುಕೊಳ್ಳುತ್ತವೆ, ಆದರೆ ನಿನ್ನೆ ನೆಲದ ಮೇಲೆ ಬಿದ್ದಿದ್ದ ಹಣ್ಣನ್ನು ಊರಿನ ಎಲ್ಲ ಅಳಿಲು ಸೇರಿದರೂ ಮುಗಿಸಲಾರವು. ಹುಳವಿದ್ದರೆ ಆ ಭಾಗವನ್ನು ಕೊಯ್ದು ತೆಗೆದು ಉಳಿದದ್ದನ್ನು ತಿನ್ನುವುದು ನಮ್ಮ ಊರುಗಳಲ್ಲಿ ಯಾರಿಗೂ ಹೇಸಿಗೆಯಾಗಿರಲಿಲ್ಲ. ಅಂಗಡಿಯ ಹಣ್ಣನ್ನೂ ಇದೇ ರಾಜ್ಯದ ಫ್ರೆಸ್ನೋ ಕಡೆಯ ರೈತನೇ ಕಷ್ಟಪಟ್ಟು ಬೆಳೆದಿರುತ್ತಾನಲ್ಲ ಎಂಬ ವಾದವೊಂದೇ ನನ್ನನ್ನು ಸ್ವಲ್ಪ ತಡೆಯುವುದು. ಜಾರ್ಜಿಯಾ ತನ್ನನ್ನು ಪೀಚ್ ರಾಜ್ಯವೆಂದು ಕರೆದುಕೊಂಡರೂ ಅಮೆರಿಕದಲ್ಲಿ ಅತಿ ಹೆಚ್ಚು ಪೀಚ್ ಬೆಳೆಯುವುದು ಕ್ಯಾಲಿಫೋರ್ನಿಯಾದವರೇ. ಆ ರೈತನ ಮೇಲೆ ಅಷ್ಟು ಅಕ್ಕರೆಯಿದ್ದರೆ ಶನಿವಾರ ಸನಿವೇಲಿನ ಮರ್ಫಿ ಅವೆನ್ಯೂವಿನ ಫಾರ್ಮರ್ಸ್ ಮಾರ್ಕೆಟ್ಟಿಗೆ ಹೋಗಿ, ಇವತ್ತೇ ತಿನ್ನುವಂಥದ್ದು ಕೊಡಿ ಎಂದು ಅವನನ್ನೇ ಕೇಳಿ. ಮಾಗಿದ ಹಣ್ಣು ತೆಗೆದು ಕೊಡುತ್ತಾನೆ, ದುಡ್ಡೂ ನೇರ ಅವನ ಕೈ ಸೇರುತ್ತದೆ.

ಸಮಯವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಪೀಚ್ ಮರ ಕೇಳುವುದು ವರ್ಷಕ್ಕೆ ಕೆಲವೇ ದಿನಗಳ ಕೆಲಸ. ಎಲೆ ಮುದುರುವ ರೋಗ ಬಾರದಂತೆ ಎಲೆ ಉದುರಿದ ಮೇಲೆ ಒಮ್ಮೆ, ಮೊಗ್ಗು ಊದುವ ಮುಂಚೆ ಇನ್ನೊಮ್ಮೆ ತಾಮ್ರದ ದ್ರಾವಣ ಸಿಂಪಡಿಸಬೇಕು. ಚಳಿಗಾಲದಲ್ಲಿ ಧೈರ್ಯವಾಗಿ ಕೊಂಬೆ ಕತ್ತರಿಸಬೇಕು, ಏಕೆಂದರೆ ಹಣ್ಣು ಬಿಡುವುದು ಹಿಂದಿನ ವರ್ಷ ಚಿಗುರಿದ ಕಡ್ಡಿಯಲ್ಲಿ ಮಾತ್ರ. ಹಾಗೆ ತಗ್ಗಾಗಿ ಬೆಳೆಸಿದ ಮರಕ್ಕೆ ಏಣಿಯೂ ಬೇಡ, ದೋಟಿಯೂ ಬೇಡ. ಏಪ್ರಿಲ್‌ನಲ್ಲಿ ಕಾಯಿ ಅಡಿಕೆಯಷ್ಟಾದಾಗ ಅರ್ಧ ಅಡಿಗೆ ಒಂದರಂತೆ ಉಳಿಸಿ ಮಿಕ್ಕಿದ್ದನ್ನು ಕಿತ್ತು ಹಾಕಬೇಕು. ಎಳೆಗಾಯಿ ಕೀಳುವುದೆಂದರೆ ನಮ್ಮವರಿಗೆ ಪಾಪ ಕಟ್ಟಿಕೊಂಡಂತೆ, ನನ್ನ ಕೈಯೂ ಪ್ರತಿವರ್ಷ ಹಿಂಜರಿಯುತ್ತದೆ. ಆದರೆ ಕೀಳದಿದ್ದರೆ ಹಣ್ಣು ಸಣ್ಣದಾಗಿ ಸಪ್ಪೆಯಾಗುತ್ತದೆ, ಕೊಂಬೆ ನಿನ್ನೆ ನೋಡಿದಂತೆ ಸೀಳಿಹೋಗುತ್ತದೆ.

ನನಗೆ ಇಷ್ಟೊಂದು ಸಿಟ್ಟು ಏಕೆ ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಅಪ್ಪ ಹೋದ ಮೇಲೆ ಊರಿನ ಮನೆಯನ್ನು ಮಾರಬೇಕಾಗಿ ಬಂತು. ಕೊಂಡವರು ಹಿತ್ತಲಿನ ಚಕ್ಕೋತ, ಎರಡು ಹಲಸು, ಅಜ್ಜ ನೆಟ್ಟ ಕಸಿಮಾವು ಎಲ್ಲವನ್ನೂ ಕಡಿಸಿ ಸೈಟು ಮಾಡಿದರು. ನನ್ನ ತಮ್ಮ ಕಳಿಸಿದ ಫೋಟೋದಲ್ಲಿ ಕೆಂಪುಮಣ್ಣು ಮತ್ತು ಕಲ್ಲಿನ ಗುರುತು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ. ಇಲ್ಲಿ, ಮರ ನಮ್ಮದೇ, ಜಾಗ ನಮ್ಮದೇ, ಕಡಿಯೆಂದು ಯಾರೂ ಒತ್ತಾಯಿಸುತ್ತಿಲ್ಲ. ಆದರೂ ನಾವೇ ಕೊಡಲಿ ಹುಡುಕುತ್ತಿದ್ದೇವೆ ಎಂಬುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಹಣ್ಣು ಹೆಚ್ಚಾಗಿ ಏನು ಮಾಡಬೇಕೆಂದು ತಿಳಿಯದವರು ವಿಲೇಜ್ ಹಾರ್ವೆಸ್ಟ್ ಎಂಬ ಸಂಸ್ಥೆಗೆ ತಿಳಿಸಬಹುದು. ಅದರ ಸ್ವಯಂಸೇವಕರು ಮನೆಗಳ ಹಿತ್ತಲಿನ ಹಣ್ಣನ್ನು ಕೊಯ್ದು ಹಸಿದವರಿಗೆ ಆಹಾರ ಕೊಡುವ ಸಂಸ್ಥೆಗಳಿಗೆ ತಲುಪಿಸುತ್ತಾರೆ. ಅಷ್ಟೂ ಆಗದಿದ್ದರೆ ನನಗೆ ಇನ್‌ಬಾಕ್ಸ್‌ನಲ್ಲಿ ಬರೆಯಿರಿ, ಬುಟ್ಟಿ ತೆಗೆದುಕೊಂಡು ನಾನೇ ಬರುತ್ತೇನೆ, ಅರ್ಧ ನಿಮಗೇ ಕೊಟ್ಟು ಹೋಗುತ್ತೇನೆ. ಜನವರಿಯಲ್ಲಿ ಕೊಂಬೆ ಕತ್ತರಿಸಲು ಕಲಿಯಬೇಕೆನ್ನುವವರೂ ಈಗಲೇ ಹೇಳಿಡಿ. ಕತ್ತರಿ, ಗರಗಸ ಎರಡೂ ನನ್ನ ಬಳಿ ಇವೆ, ನೀವು ದಪ್ಪ ಕೈಗವಸು ಮಾತ್ರ ತಂದುಕೊಳ್ಳಿ.