ಏರಿ ಇಲ್ಲದ ಕೆರೆ

ಅಮ್ಮನ ಸೊಂಟದಲ್ಲಿ ಅರಿಶಿನ ಕುಂಕುಮದ ಪೊಟ್ಟಣ ಇದೆ ಅಂತ ಮೊದಲೇ ಗೊತ್ತಿದ್ದರೆ ಕಾರಿನಲ್ಲೇ ಇಡಿಸಿ ಬರುತ್ತಿದ್ದೆ. ಗೊತ್ತಾಗಿದ್ದು ಹತ್ತು ಸಾವಿರ ಅಡಿ ಎತ್ತರದಲ್ಲಿ, ಎಮರಾಲ್ಡ್ ಲೇಕ್ ದಡದಲ್ಲಿ. ಅಮ್ಮ ಶೂ ಬಿಚ್ಚಿ, ಸೀರೆ ನೆರಿಗೆ ಎತ್ತಿಕೊಂಡು, ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಎರಡು ಹಸಿರು ಗಾಜಿನ ಬಳೆ, ನಮ್ಮ ಹಿತ್ತಲಿನ ನಾಲ್ಕು ಹೂವು. ಕುಂಕುಮದ ಚಿಟಿಕೆ ಇನ್ನೇನು ನೀರಿಗೆ ಬೀಳಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

ಪಾರ್ಕಿನ ಸ್ವಯಂಸೇವಕಿ. ಅಮ್ಮನಿಗಿಂತ ಎರಡು ಮೂರು ವರ್ಷ ದೊಡ್ಡವರೇ ಇರಬೇಕು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಬಣ್ಣ ತುಂಬಾ ಚೆನ್ನಾಗಿದೆ, ಆದರೆ ದಯವಿಟ್ಟು ನೀರಿಗೆ ಹಾಕಬೇಡಿ, ಹೂವನ್ನೂ ವಾಪಸ್ ತಗೊಂಡು ಹೋಗಿ ಅಂದರು.

"ಏನಂತೋ?" ಅಂದಳು ಅಮ್ಮ.

"ನೀರು ತುಂಬಾ ತಣ್ಣಗಿದೆಯಂತೆ, ಹುಷಾರು ಅಂದ್ರು."

ನನ್ನ ಒಂಬತ್ತು ವರ್ಷದ ಮಗಳು ಬಿಡಬೇಕಲ್ಲ. "ಇಲ್ಲ ಅಜ್ಜಿ, ನೀರಿಗೆ ಏನೂ ಹಾಕಬಾರದು ಅಂದ್ರು."

ಅಮ್ಮ ಚಿಟಿಕೆಯನ್ನು ಪೊಟ್ಟಣಕ್ಕೆ ವಾಪಸ್ ಹಾಕಿದಳು. ಬೆರಳಿಗೆ ಅಂಟಿದ್ದನ್ನು ತನ್ನ ಹಣೆಗೇ ಒರೆಸಿಕೊಂಡಳು. ಬಳೆಗಳು ಕಲ್ಲಿಗೆ ತಾಗಿ ಟಿಣ್ ಅಂದವು. ನನಗೆ ಕಿವಿ ಬಿಸಿಯಾಯಿತು. ಅಮ್ಮನ ಮೇಲೆ ಕೋಪಾನೋ, ಆ ಹೆಂಗಸಿನ ಮೇಲೋ, ಸುಳ್ಳು ಹೇಳಿದ ನನ್ನ ಮೇಲೋ, ಈಗಲೂ ಸರಿಯಾಗಿ ಗೊತ್ತಿಲ್ಲ.

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕು. ನಾನು ಕೊಲೊರಾಡೊದ ಡೆನ್ವರ್ ಹತ್ತಿರ ಬಂದು ಹನ್ನೊಂದು ವರ್ಷವಾಯಿತು. ಈ ಊರು ಇರುವುದೇ 5,280 ಅಡಿ ಎತ್ತರದಲ್ಲಿ. ನಂದಿಬೆಟ್ಟ 4,851 ಅಡಿ. ಅಂದರೆ ಮನೆಯ ಸೋಫಾ ಮೇಲೆ ಬಿದ್ದುಕೊಂಡಿದ್ದರೂ ನಂದಿಬೆಟ್ಟದ ತುದಿಗಿಂತ ಮೇಲೆ. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಸುಮ್ನೆ ಬಿಡು ಅಂತಾರೆ. ಇಲ್ಲಿಂದ ಒಂದೂವರೆ ಗಂಟೆ ಕಾರು ಓಡಿಸಿದರೆ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. ಬೇರ್ ಲೇಕ್ ಅನ್ನುವ ಕೆರೆಯ ಹತ್ತಿರ ಬಸ್ಸಿನಿಂದ ಇಳಿದಾಗಲೇ 9,475 ಅಡಿಯಲ್ಲಿರುತ್ತೀರಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 6,330 ಅಡಿ. ನಡಿಗೆ ಶುರುವಾಗುವುದೇ ಅದಕ್ಕಿಂತ ಮೂರು ಸಾವಿರ ಅಡಿ ಮೇಲೆ.

ಬೇಸಿಗೆಯಲ್ಲಿ ಅಲ್ಲಿಗೆ ಬೇಕೆಂದಾಗ ನುಗ್ಗುವ ಹಾಗಿಲ್ಲ. ಗಂಟೆ ಲೆಕ್ಕದಲ್ಲಿ ಟಿಕೆಟ್. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಮುಂದಿನ ತಿಂಗಳಿನದು ಬಿಡುತ್ತಾರೆ. ಬುಕಿಂಗ್‌ಗೆ ಎರಡು ಡಾಲರ್. ತಿರುಪತಿಯ 300 ರೂಪಾಯಿ ದರ್ಶನದ ಟಿಕೆಟ್‌ಗೆ ಕಂಪ್ಯೂಟರ್ ಮುಂದೆ ಕೂತು ಅಭ್ಯಾಸ ಇರುವ ನಮ್ಮ ಕಡೆಯವರಿಗೆ ಇದೇನು ಮಹಾ ಅಲ್ಲ. ಎಂಟು ಗಂಟೆ ಒಂದು ನಿಮಿಷಕ್ಕೆ ನನ್ನ ಕೆಲಸ ಮುಗಿದಿತ್ತು. "ಮೇಲೆ ಯಾವ ದೇವರು?" ಅಂತ ಅಮ್ಮ ಕೇಳಿದಳು. ದೇವರಿಲ್ಲ, ಬರೀ ಕೆರೆ ಅಂದೆ. ಪೊಟ್ಟಣ ಕಟ್ಟಿದ್ದು ಆಗಲೇ ಇರಬೇಕು.

ದಾರಿಯಲ್ಲಿ ಮೂರು ಕೆರೆ ಸಿಗುತ್ತವೆ. ಅರ್ಧ ಮೈಲಿಗೆ ನಿಂಫ್, ಒಂದು ಮೈಲಿ ದಾಟಿದ ಮೇಲೆ ಡ್ರೀಮ್, ಕೊನೆಗೆ 1.8 ಮೈಲಿಗೆ ಎಮರಾಲ್ಡ್. ನಮ್ಮ ಲೆಕ್ಕದಲ್ಲಿ ಮೂರು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ. ಆವಣಿ ಬೆಟ್ಟ ಹತ್ತಿ ಅಭ್ಯಾಸವಿರುವ ಅಮ್ಮನಿಗೆ ಕಾಲು ನೋಯಲಿಲ್ಲ, ಉಸಿರು ಸಿಕ್ಕಿಕೊಂಡಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಇಳಿಯುವವರು ಪಕ್ಕಕ್ಕೆ ಸರಿದು ಹತ್ತುವವರಿಗೆ ದಾರಿ ಬಿಡುತ್ತಾರೆ. ಎಲ್ಲರೂ ನಗುತ್ತಾ ಗುಡ್ ಮಾರ್ನಿಂಗ್ ಅನ್ನುತ್ತಾರೆ. "ಎಲ್ರೂ ನಿನಗೆ ಪರಿಚಯಾನಾ?" ಅಂದಳು ಅಮ್ಮ.

ಡ್ರೀಮ್ ಲೇಕ್ ಹತ್ತಿರ ಚಿತ್ರಾನ್ನದ ಡಬ್ಬಿ ತೆಗೆದೆವು. ಚಿಪ್ಸ್ ಪ್ಯಾಕೆಟ್ ಗಾಳಿಯ ಒತ್ತಡ ಕಮ್ಮಿಯಾಗಿ ದಿಂಬಿನ ಹಾಗೆ ಊದಿಕೊಂಡಿತ್ತು. ಅಮ್ಮ ಅದನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು. ಅಷ್ಟರಲ್ಲಿ ನಮ್ಮ ಅಳಿಲಿನಂಥ ಒಂದು ಚಿಪ್‌ಮಂಕ್ ಬಂತು, ಬೆನ್ನ ಮೇಲೆ ಉದ್ದುದ್ದ ಪಟ್ಟೆ. "ನೋಡೋ, ರಾಮದೇವರು ಇಲ್ಲಿಗೂ ಬಂದು ಬೆನ್ನು ಸವರಿ ಹೋಗಿದ್ದಾನೆ" ಅಂತ ಅಮ್ಮ ಚಿತ್ರಾನ್ನದ ಕಡ್ಲೆಬೀಜ ಹಾಕೋಕೆ ಹೋದಳು. ಮೊಮ್ಮಗಳು ಕೈ ಹಿಡಿದುಕೊಂಡಳು. ಪ್ರಾಣಿಗೆ ತಿಂಡಿ ಹಾಕೋದೂ ತಪ್ಪು. ಅಮ್ಮನಿಗೆ ಆ ದಿನದ ಮೊದಲನೇ ಬೇಡ ಅದು.

ಅಲ್ಲಿಂದ ಮೇಲಕ್ಕೆ ದಾರಿ ತೊರೆಯ ಜೊತೆಜೊತೆಗೇ ಹೋಗುತ್ತದೆ. ಅಮ್ಮ ನಿಂತಳು. ನೀರು ಬರುತ್ತಿದ್ದ ಕಡೆ ನೋಡಿದಳು, ಹೋಗುತ್ತಿದ್ದ ಕಡೆ ನೋಡಿದಳು. "ಇದು ಮೇಲಿನ ಕೆರೆ ಕೋಡಿ ಅಲ್ವಾ? ಕೆಳಗಿನ ಕೆರೆಗೆ ಹೋಗ್ತಿದೆ."

ಹೌದು. ನಾನು ಇಪ್ಪತ್ತು ಸಲ ಹತ್ತಿದ್ದೇನೆ, ಒಂದು ಸಲವೂ ನನಗೆ ಹಾಗೆ ಹೊಳೆದಿರಲಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದು ಕೆಳಗಿನದಕ್ಕೆ. ನಮ್ಮ ಜಿಲ್ಲೆಯ ಕೆರೆಗಳೆಲ್ಲಾ ಹೀಗೇ ಇರುವುದು. ಒಂದು ಕಣಿವೆಯಲ್ಲಿ ಹೀಗೆ ಸಾಲಾಗಿ ಕೆರೆಗಳಿದ್ದರೆ ಭೂಗೋಳದವರು ಜಪಮಾಲೆಯ ಹೆಸರಿಟ್ಟು ಕರೆಯುತ್ತಾರೆ, ಮಣಿ ಪೋಣಿಸಿದ ಹಾಗೆ ಅಂತ.

ಎಮರಾಲ್ಡ್ ತಲುಪಿದ ಮೇಲೆ ಅಮ್ಮ ಸುತ್ತ ನೋಡಿದಳು. ಮೂರು ಕಡೆ ಕಲ್ಲಿನ ಗೋಡೆ, ಒಂದು ಪಕ್ಕ 12,713 ಅಡಿಯ ಹ್ಯಾಲೆಟ್ ಶಿಖರ. ಸಂದಿನಲ್ಲಿ ಜುಲೈ ತಿಂಗಳಲ್ಲೂ ಕರಗದ ಹಿಮ. ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲುಗಳನ್ನು ಎಣಿಸಬಹುದು. ಅವಳು ಕೇಳಿದ್ದು ಒಂದೇ. "ಇದರ ಏರಿ ಎಲ್ಲೋ?"

ಏರಿ ಇಲ್ಲಮ್ಮ ಅಂದೆ. ಸಾವಿರಾರು ವರ್ಷದ ಹಿಂದೆ ಇಲ್ಲಿ ದಪ್ಪ ಹಿಮದ ರಾಶಿ ಇತ್ತು, ಅದು ಬೆಟ್ಟವನ್ನು ಉಜ್ಜಿ ಉಜ್ಜಿ ಬಟ್ಟಲಿನ ಹಾಗೆ ಕೊರೆದು ಹೋಯಿತು, ಆಮೇಲೆ ನೀರು ನಿಂತಿತು. ಯಾರೂ ಕಟ್ಟಿದ್ದಲ್ಲ.

"ಯಾರೂ ಕಟ್ಟಿಲ್ಲ, ಯಾರೂ ಕುಡಿಯಲ್ಲ, ಯಾರೂ ಪೂಜೆ ಮಾಡಲ್ಲ. ಹಂಗಾದ್ರೆ ಇದು ಯಾರ ಕೆರೆ?"

ಉತ್ತರ ಹೇಳುವ ಮೊದಲೇ ಪೊಟ್ಟಣ ಹೊರಗೆ ಬಂದಿತ್ತು. ಮುಂದಿನದು ಆಗಲೇ ಹೇಳಿದೆ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ನಿದ್ದೆ ಹೋದಳು. ನನ್ನ ತಲೆಯೊಳಗೆ ಊರಿನ ಮೇಲೆ ಜಗಳ ಶುರುವಾಯಿತು. ನಾವು ಕೆರೆಗೆ ಗಂಗಮ್ಮ ಅಂತೀವಿ. ಕೋಡಿ ಬಿದ್ದರೆ ಬಾಗಿನ, ತೆಪ್ಪ, ಊರೂಟ. 2021ರ ನವೆಂಬರ್ ಮಳೆಗೆ ನಮ್ಮೂರ ಕೆರೆ ಕೋಡಿ ಹರಿದಾಗ ನನಗೆ ವಿಡಿಯೋ ಕಳಿಸದವರಿಲ್ಲ. ಅದೇ ಕೆರೆಗೆ ಗಣೇಶನ ಬಣ್ಣ, ಕೋಳಿ ಅಂಗಡಿಯ ಪುಕ್ಕ, ಮನೆ ಒಡೆದ ಇಟ್ಟಿಗೆ ಎಲ್ಲಾ ಹೋಗುತ್ತೆ. ಏರಿಯ ಮೇಲೆ ಬೆಳಿಗ್ಗೆ ಹೊತ್ತು ಮೂಗು ಬಿಟ್ಟುಕೊಂಡು ನಡೆಯೋ ಹಾಗಿರಲಿಲ್ಲ. ಒಂದು ಮೂಲೆಯಲ್ಲಿ ಒತ್ತುವರಿ, ಇನ್ನೊಂದು ಮೂಲೆಯಲ್ಲಿ ನೀಲಗಿರಿ ತೋಪು. ನಮ್ಮ ಕಡೆ ಒಂದು ಬೆಟ್ಟದ ಮೇಲೆ ಚೆಂದದ ದೊಣೆ ಇದೆ, ಬಂಡೆಯ ಮಧ್ಯೆ ಕನ್ನಡಿ ಇಟ್ಟ ಹಾಗೆ. ಹೋದ ಸಲ ರಜಕ್ಕೆ ಬಂದಾಗ ಹತ್ತಿದೆ. ನೀರಿನ ಮೇಲೆ ನೀರಿನ ಬಾಟಲಿಗಳೇ ತೇಲುತ್ತಿದ್ದವು. ದಡದಲ್ಲಿ ಗುಟ್ಕಾ ಚೀಟಿ, ಯಾರದೋ ಹುಟ್ಟುಹಬ್ಬದ ಥರ್ಮಾಕೋಲ್.

ಇಲ್ಲಿ ಬಾಳೆಹಣ್ಣಿನ ಸಿಪ್ಪೆಯನ್ನೂ ಕವರಿನಲ್ಲಿ ಕಟ್ಟಿಕೊಂಡು ಇಳಿಯುತ್ತಾರೆ. ಅಷ್ಟು ಎತ್ತರದ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ ಅನ್ನೋದು ಕಾರಣ. ಆದರೆ ಕಾರಣ ಕೇಳಿ ಮಾಡುವವರನ್ನು ನಾನು ನೋಡಿಲ್ಲ, ಸುಮ್ನೆ ಮಾಡುತ್ತಾರೆ. ತಾಯಿ ಅಂತ ಕರೆಯದವರು ಕೆರೆಯನ್ನು ಹೀಗೆ ಇಟ್ಟುಕೊಂಡಿದ್ದಾರೆ, ತಾಯಿ ಅನ್ನುವ ನಾವು ಹಾಗೆ ಇಟ್ಟುಕೊಂಡಿದ್ದೇವೆ. ಆ ವಾರವೆಲ್ಲಾ ಆಫೀಸಿನ ಕನ್ನಡದವರಿಗೆಲ್ಲಾ ಇದೇ ಭಾಷಣ ಮಾಡಿದೆ. ಒಬ್ಬರೂ ಎದುರು ಮಾತಾಡಲಿಲ್ಲ. ಹೊರಗಡೆ ಇರುವ ನಮಗೆ ಊರನ್ನು ಬೈಯುವುದಕ್ಕೆ ಜೊತೆ ಬೇಗ ಸಿಗುತ್ತೆ.

ಒಂದು ಮಾತ್ರ ಇಲ್ಲಿ ಸಿಕ್ಕಿಲ್ಲ. ಶಿವರಾತ್ರಿಯಲ್ಲಿ ಆವಣಿ ಬೆಟ್ಟ ಹತ್ತಿದರೆ ಸೀತಮ್ಮನ ಗುಡಿ ಹತ್ತಿರ ಯಾರಾದರೂ ಒಂದು ಲೋಟ ಪಾನಕ ಕೈಗೆ ಕೊಟ್ಟೇ ಕೊಡುತ್ತಾರೆ. ಯಾರ ಮಗ, ಯಾವ ಊರು ಅಂತ ಕೇಳುತ್ತಾರೆ. ಇಲ್ಲಿ ಹತ್ತಿ, ಕೆರೆಯ ಕಡೆ ಮುಖ ಮಾಡಿ, ಅವರವರ ಸ್ಯಾಂಡ್‌ವಿಚ್ ಅವರವರು ತಿಂದು, ಮಧ್ಯಾಹ್ನದ ಗುಡುಗು ಬರುವ ಮೊದಲು ಇಳಿಯುತ್ತಾರೆ. ಚಿತ್ರಾನ್ನ ತಗೊಳ್ಳಿ ಅಂತ ಪಕ್ಕದವರಿಗೆ ಅಮ್ಮ ಡಬ್ಬಿ ಚಾಚಿದ್ದಳು. ಅವರು ಥ್ಯಾಂಕ್ಸ್ ಹೇಳಿದರು, ತಗೊಳ್ಳಲಿಲ್ಲ.

ಇಷ್ಟಕ್ಕೇ ಬರೆದು ಮುಗಿಸಬೇಕು ಅಂತಿದ್ದೆ. ಆದರೆ ಮಾರನೇ ವರ್ಷ ಲಾನ್ ಲೇಕ್‌ಗೆ ಹೋಗಿಬಿಟ್ಟೆ.

ಅದೂ ಅದೇ ಉದ್ಯಾನದಲ್ಲಿ, 10,987 ಅಡಿ ಎತ್ತರದಲ್ಲಿದೆ. ಹೋಗಲು ಆರು ಮೈಲಿ, ಬರಲು ಆರು ಮೈಲಿ. ಬೆಳಕು ಹರಿಯುವ ಮೊದಲೇ ಹೊರಡಬೇಕು. ದಾರಿಯ ಪಕ್ಕದಲ್ಲಿ ರೋರಿಂಗ್ ರಿವರ್ ಅನ್ನುವ ಹೊಳೆ. ಹೊಳೆ ಸಣ್ಣದು, ಆದರೆ ಅದರ ಕೊರಕಲು ಎರಡು ಮನೆ ಮುಳುಗುವಷ್ಟು ಆಳ. ಮರಗಳಿಲ್ಲ, ಬರೀ ಬಿಳಿ ಮಣ್ಣು, ಬಂಡೆ. ಇಷ್ಟು ನೀರಿಗೆ ಇಷ್ಟು ದೊಡ್ಡ ಗಾಯ ಹೇಗಾಯಿತು ಅಂತ ಜೊತೆಗಿದ್ದ ಗೆಳೆಯನನ್ನು ಕೇಳಿದೆ. ಅವನು ಇಲ್ಲೇ ಹುಟ್ಟಿ ಬೆಳೆದವನು. "ಡ್ಯಾಮ್ ಒಡೆದಿತ್ತು" ಅಂದ.

ಡ್ಯಾಮ್! ಯಾರೂ ಮುಟ್ಟದ ಕೆರೆಗಳು ಅಂತ ನಾನು ಊರೆಲ್ಲಾ ಸಾರಿದ್ದು ಇವನ್ನೇ ಅಲ್ವಾ? 1903ರಲ್ಲಿ ಕೆಳಗಿನ ಬಯಲಿನ ರೈತರು ಹೊಲಗಳಿಗೆ ನೀರು ಸಾಲದೆ ಈ ಕೆರೆಗೆ ಮಣ್ಣಿನ ಏರಿ ಕಟ್ಟಿದ್ದರು. ತೂಬು ಇಟ್ಟಿದ್ದರು. ಉದ್ಯಾನ ಆಗಿದ್ದೇ ಅದಕ್ಕಿಂತ ಹನ್ನೆರಡು ವರ್ಷ ಆಮೇಲೆ, 1915ರಲ್ಲಿ. 79 ವರ್ಷ ಕೆರೆ ಹೊಲಗಳಿಗೆ ದುಡಿಯಿತು. 1982ರ ಜುಲೈ 15ರ ಬೆಳಗಿನ ಜಾವ ಏರಿ ಒಡೆಯಿತು. ತೂಬಿನ ಕೊಳವೆಯೂ ಗೇಟೂ ಸೇರುವ ಕಡೆ ಸೋರಿ, ಸೋರಿದ ನೀರು ಒಳಗೊಳಗೇ ಮಣ್ಣು ತಿಂದಿತ್ತು. ಮೂವರು ಸತ್ತರು. ಕೆಳಗಿನ ಎಸ್ಟೆಸ್ ಪಾರ್ಕ್ ಪಟ್ಟಣದ ಪೇಟೆ ಬೀದಿಯಲ್ಲಿ ಕೆಸರು ಹರಿಯಿತು. ಒಡೆದ ಏರಿಯನ್ನು ಮತ್ತೆ ಕಟ್ಟಲಿಲ್ಲ. ಉದ್ಯಾನದೊಳಗಿನ ಬ್ಲೂಬರ್ಡ್, ಪೇರ್, ಸ್ಯಾಂಡ್‌ಬೀಚ್ ಕೆರೆಗಳ ಕಟ್ಟೆಗಳನ್ನೂ ಆಮೇಲೆ ತೆಗೆದುಹಾಕಿದರು.

ತೂಬಿನ ಹತ್ತಿರ ಸೋರಿದರೆ ಏರಿ ಹೋಯಿತು ಅಂತ ನಮ್ಮೂರ ನೀರುಗಂಟಿ ಹೇಳುತ್ತಿದ್ದ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿಯ ಕೆಳಗೆ ಕೂತು, ಬರುವ ನೀರು ತಿಳಿಯಾಗಿದೆಯೋ ಕೆಂಪಾಗಿದೆಯೋ ನೋಡುತ್ತಿದ್ದ. ತಿಳಿ ಬಂದರೆ ಮಲಗುತ್ತಿದ್ದ. ಕೆಂಪು ಬಂದರೆ ಊರು ಎಬ್ಬಿಸುತ್ತಿದ್ದ.

ಲಾನ್ ಲೇಕ್ ಈಗ ತನ್ನ ಹಳೆಯ ಅಳತೆಗೆ ಇಳಿದಿದೆ. ದಡದಲ್ಲಿ ನೀರು ಎಷ್ಟು ಮೇಲಕ್ಕೆ ನಿಂತಿತ್ತು ಅನ್ನುವ ಗೆರೆ ಕಾಣಿಸುತ್ತದೆ, ಹಂಡೆಯೊಳಗೆ ಸುಣ್ಣ ಕಟ್ಟಿದ ಹಾಗೆ. ನಾನು ಬಂಡೆಯ ಮೇಲೆ ಕೂತು ಆ ಗೆರೆಯನ್ನೇ ನೋಡಿದೆ. ಇವರು ಕೆರೆಯನ್ನು ಬಿಟ್ಟುಕೊಟ್ಟಿದ್ದು ಹೇಗೆ, ಹೊಲ ಇಟ್ಟುಕೊಂಡು?

ಅದಕ್ಕೂ ಉತ್ತರ ಅದೇ ಉದ್ಯಾನದ ಅಡಿಯಲ್ಲಿದೆ. ಬೆಟ್ಟಸಾಲಿನ ಪಶ್ಚಿಮಕ್ಕೆ ಹಿಮ, ಮಳೆ ಜಾಸ್ತಿ. ಹೊಲಗಳಿರುವುದು ಪೂರ್ವಕ್ಕೆ. ಅದಕ್ಕೆ ಬೆಟ್ಟದ ಅಡಿಯಲ್ಲಿ 13 ಮೈಲಿ, ಅಂದರೆ 21 ಕಿಲೋಮೀಟರ್ ಸುರಂಗ ಕೊರೆದು, 1947ರಿಂದ ಆಚೆಯ ನೀರನ್ನು ಈಚೆಗೆ ಹರಿಸುತ್ತಿದ್ದಾರೆ. ಮೇಲೆ ನಾವು ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿಕೊಂಡು ನಡೆಯುತ್ತೇವೆ, ಕೆಳಗೆ ಹೊಳೆಗೆ ಹೊಳೆಯೇ ದಿಕ್ಕು ಬದಲಿಸಿ ಹೋಗುತ್ತಿದೆ. ಮೇಲಿನ ಕೆರೆಗಳನ್ನು ನೋಡೋಕೆ ಮಾತ್ರ ಇಟ್ಟುಕೊಳ್ಳಲು ಅವರಿಗೆ ಆ ನೀರೂ ಅನುಕೂಲ ಮಾಡಿಕೊಟ್ಟಿತು ಅಂತ ನನಗನಿಸುತ್ತದೆ. ನಮ್ಮಲ್ಲಿ ಬೋರ್‌ವೆಲ್ 1,200 ಅಡಿ ಹೋದರೂ ಧೂಳು ಬರುವ ಕಾಲ ಬಂದಿತ್ತು. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿದ ನೀರು ಬರುತ್ತಿದೆ. ಅದಕ್ಕೂ ಕೈ ಮುಗಿದವರಿದ್ದಾರೆ. ಕೆರೆಯನ್ನು ಮುಟ್ಟಬೇಡಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ? ಗುಟ್ಕಾ ಚೀಟಿಗೆ ಮಾತ್ರ ಈಗಲೂ ಕ್ಷಮೆ ಇಲ್ಲ, ಅದಕ್ಕೆ ಯಾವ ಬರಗಾಲವೂ ಕಾರಣ ಅಲ್ಲ.

ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಏರಿ ಇದ್ದ ಕೆರೆಯೂ ಇತ್ತಮ್ಮ, ಒಡೆದುಹೋಯ್ತು ಅಂದೆ.

"ಮತ್ತೆ ಕಟ್ಟಿದ್ರಾ?"

"ಇಲ್ಲ, ಹಂಗೇ ಬಿಟ್ರು."

"ಬಿಟ್ರಾ? ಏರಿ ಒಡೆದ್ರೆ ಬಿಡ್ತಾರಾ ಯಾರಾದ್ರೂ? ಕೆಳಗಿನ ಹೊಲದೋರು ಏನು ಮಾಡಿದ್ರು?"

ಸುರಂಗದ ಕಥೆ ಹೇಳಿದೆ. ಬೆಟ್ಟದ ಆಚೆ, ಪಶ್ಚಿಮದ ಕಡೆಯಿಂದ ನೀರು ಬರುತ್ತೆ ಅಂದೆ.

"ನಮಗೂ ಹಂಗೇ ಬರುತ್ತಂತಲ್ಲೋ, ಸಕಲೇಶಪುರದ ಕಡೆಯಿಂದ, ಎತ್ತಿನಹೊಳೆ."

"ಯಾವಾಗಂತೆ?"

"ಬರುತ್ತಂತೆ" ಅಂದಳು ಅಮ್ಮ. ಆಮೇಲೆ ಕುಕ್ಕರ್ ಕೂಗಿತು ಅಂತ ಫೋನ್ ಇಟ್ಟಳು.